ಎಡಗೈ ತೆಗೆದವನು

ಸ್ಕೂಟರನ್ನು ಮೊದಲು ದಫೇದಾರನೇ ಓಡಿಸಿದ. ಊರಾಚೆಯ ಏರು ಬಂದಾಗ ಹಿಂದೆ ಕೂತಿದ್ದ ಪೈಲ್ವಾನ್ ಬಂಡೆಯ ಭಾರಕ್ಕೆ ಮುಂದಿನ ಚಕ್ರ ಬೆದರಿದ ಕುದುರೆಯ ಹಾಗೆ ಕಾಲೆತ್ತಿತು. ಟೋಪಿ ಹಿಡಿಯಲೋ ಹ್ಯಾಂಡಲ್ ಹಿಡಿಯಲೋ ತಿಳಿಯದೆ ದಫೇದಾರ ಎರಡನ್ನೂ ಬಿಟ್ಟ. ಅಲ್ಲಿಂದ ಮುಂದೆ ಬಂಡೆಯೇ ಓಡಿಸಬೇಕಾಯಿತು. ಹಿಂದೆ ಕೂತ ದಫೇದಾರನಿಗೆ ರಸ್ತೆ ಕಾಣಲಿಲ್ಲ, ಆಕಾಶವೂ ಕಾಣಲಿಲ್ಲ. ಕಂಡದ್ದೆಲ್ಲ ಬಂಡೆಯ ಅಂಗಿ.

"ಪೈಲ್ವಾನ್, ಎದುರಿಗೇನು ಬಂತು?"

"ಲಾರಿ."

"ಹೋಯ್ತಾ?"

"ಹೋಯ್ತು. ನಾವೂ ಅದರ ಜೊತೆಗೇ ಹೋಗಬೇಕಿತ್ತು, ಸ್ವಲ್ಪದರಲ್ಲಿ ಉಳಿದ್ವಿ."

ದಫೇದಾರ ಕಡ್ಡಿಯಂಥ ಆಳು. ಹೊಟ್ಟೆಯಲ್ಲಿ ಹುಣ್ಣು, ಬಾಯಲ್ಲಿ ಕಾಯಿದೆ. ಬಂಡೆ ಎನ್ನುವುದು ರಿಂಗಿನಲ್ಲಿ ಇಟ್ಟ ಹೆಸರು. ಈಗ ಹೆತ್ತ ತಾಯಿಯೂ ಹಾಗೇ ಕರೆಯುತ್ತಿದ್ದಳು. ಅವನದು ಟಿಕೆಟ್ ಕುಸ್ತಿ. ಅದರಲ್ಲಿ ಯಾರು ಗೆಲ್ಲಬೇಕೆಂಬುದು ಜನ ಬಂದು ಕೂರುವ ಮೊದಲೇ ತೀರ್ಮಾನವಾಗಿರುತ್ತದೆ. ಬಂಡೆಯ ಕೆಲಸ ಸೋಲುವುದು. ಅಷ್ಟು ದೊಡ್ಡ ಮೈ ಧೊಪ್ಪೆಂದು ಬಿದ್ದರೆ ನೋಡುವವರಿಗೆ ಬಂದದ್ದು ಸಾರ್ಥಕ.

ಎತ್ತಿಗೂ ಕೋಣಕ್ಕೂ ಒಂದೇ ನೊಗ ಹೂಡಿದ ಹಾಗೆ ಇವರಿಬ್ಬರನ್ನು ಸೇರಿಸಿದವನು ಗಿಡುಗ. ಅವನೂ ಅದೇ ರಿಂಗಿನವನು, ಮುಖಕ್ಕೆ ಸದಾ ಕೊಕ್ಕಿನ ಮುಸುಕು. ಕುಸ್ತಿ ಬಿಟ್ಟ ಮೇಲೆ ಕರು ಕದಿಯುವ ದಂಧೆಗೆ ಇಳಿದಿದ್ದ. ಕೊಟ್ಟಿಗೆಯ ಗೋಡೆ ಎಷ್ಟೇ ಎತ್ತರವಿರಲಿ, ಬಾಗಿಲ ಬೀಗ ಎಷ್ಟೇ ಗಟ್ಟಿಯಿರಲಿ, ಕರುವನ್ನು ತಲೆಯ ಮೇಲೆ ಎತ್ತಿ ಆಚೆ ದಾಟಿಸುತ್ತಿದ್ದ. ಕೈವಾಡ ಅವನದೇ ಎಂದು ಠಾಣೆಗೆ ಗೊತ್ತಿತ್ತು. ಗೊತ್ತಿಲ್ಲದ್ದು ಅವನ ಮುಖ. ಮುಸುಕು ತೆಗೆದಾಗ ಅವನನ್ನು ಕಂಡವರು ಬಟ್ಟೆ ಬದಲಿಸುವ ಕೋಣೆಯಲ್ಲಿದ್ದ ಕುಸ್ತಿಯವರು ಮಾತ್ರ. "ಇವತ್ತಿನ ದನದ ಸಂತೆಗೆ ಕದ್ದ ಕರು ತರ್ತಾನಂತೆ. ಬಂದು ಬೆರಳು ತೋರಿಸು, ಸಾಕು" ಎಂದು ದಫೇದಾರ ಮನೆ ಬಾಗಿಲಿಗೆ ಬಂದಾಗ ಬಂಡೆ ಉಂಡ ಕೈ ತೊಳೆಯದೆ ಹೊರಟಿದ್ದ.

ಅವನಿಗೆ ಬೇಕಾಗಿದ್ದದ್ದು ಬೆರಳು ತೋರಿಸುವುದಲ್ಲ, ಗಿಡುಗನ ಕತ್ತು.

ಬಂಡೆಗೊಬ್ಬ ತಮ್ಮನಿದ್ದ. ಹಗುರ ಮೈಯವನು, ರಿಂಗಿನ ಕಂಬ ಹತ್ತಿ ಹಾರುತ್ತಿದ್ದವನು. ಅವನು ಹಾರಿದರೆ ಮುದುಕರೂ ಬೆಂಚು ಹತ್ತಿ ನಿಲ್ಲುತ್ತಿದ್ದರು. ಹಾರಿ ಬಂದವನನ್ನು ಎದುರಾಳಿ ಎರಡೂ ಕೈಯಲ್ಲಿ ಹಿಡಿದು, ಎತ್ತಿ ತೋರಿಸಿ, ಕೆಳಗೆ ಎಸೆದಂತೆ ಮಾಡಿ ಬೆನ್ನ ಮೇಲೆ ಮಲಗಿಸಬೇಕು. ಬಲಗೈ ಸೊಂಟಕ್ಕೆ, ಎಡಗೈ ಕತ್ತಿನ ಕೆಳಗೆ. ಎತ್ತಿದವನು ಶತ್ರುವಿನ ಹಾಗೆ ಹಲ್ಲು ಕಡಿಯುತ್ತಾನೆ, ಕೈ ಮಾತ್ರ ತಾಯಿಯದು. ಅದೇ ಆ ಕಸುಬಿನ ಧರ್ಮ. ಅಂದು ತಮ್ಮ ಹಾರಿದ, ಗಿಡುಗ ಹಿಡಿದ, ತಮ್ಮ ತಲೆ ಕೆಳಗಾಗಿ ಬಿದ್ದ. ಕತ್ತಿನಿಂದ ಕೆಳಗೆ ಮತ್ತೆ ಜೀವ ಬರಲಿಲ್ಲ.

ಕೈ ಜಾರಿತು ಅಂದ ಗಿಡುಗ. ಪಾಪ, ಕೈ ಜಾರಿತಂತೆ ಅಂದಿತು ಬೀದಿ. ಹಣೆಬರಹ ಅಂದವರೂ ಇದ್ದರು. ಹುಡುಗನೇ ಅಂಕೆ ಮೀರಿ ಹಾರಿರಬೇಕು ಎಂದು ಜಗಲಿ ಮೇಲೆ ಕೂತು ತೀರ್ಪು ಕೊಟ್ಟವರೂ ಇದ್ದರು. ಅಮ್ಮ ಯಾರಿಗೂ ಎದುರಾಡಲಿಲ್ಲ. ಹೊತ್ತು ಹೊತ್ತಿಗೆ ಮಗನನ್ನು ಮಗ್ಗುಲಾಗಿಸಿದಳು, ಹಾಲು ಕುಡಿಸಿದಳು, ಬಾಯಿ ಒರೆಸಿದಳು. ಬಂಡೆ ಮಾತ್ರ ನಂಬಿರಲಿಲ್ಲ. ಜನ ಗಿಡುಗನಿಗಿಂತ ತಮ್ಮನಿಗೆ ಹೆಚ್ಚು ಚಪ್ಪಾಳೆ ಹೊಡೆಯುವಾಗ ಮುಸುಕಿನೊಳಗೆ ಆ ಕಣ್ಣು ಹೇಗಿರುತ್ತಿತ್ತು ಎಂದು ಬಂಡೆ ನೋಡಿದ್ದ.

ಸಂತೆಯ ಗೇಟಿನಲ್ಲಿ ದಫೇದಾರ ಕಾಲು ಜಾಡಿಸುತ್ತ ಇಳಿದ.

"ನೋಡು ಪೈಲ್ವಾನ್, ಮತ್ತೆ ಹೇಳ್ತೀನಿ. ಅವನ ಮೈ ಮೇಲೆ ಒಂದು ಗೀರೂ ಬೀಳಬಾರದು. ಗೀರು ಕಂಡ್ರೆ ವಕೀಲ ಅದನ್ನೇ ಹಿಡ್ಕೊಂಡು ಎಳೀತಾನೆ. ಕಳ್ಳ ಮನೆಗೆ, ನಾನು ವಿಚಾರಣೆಗೆ."

"ಗೀರು ಬೀಳಲ್ಲ."

"ಮೂಳೆ?"

ಬಂಡೆ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಒಳಗೆ ನಡೆದ.

"ಮೂಳೆ ಬಗ್ಗೆ ಕೇಳಿದೆ ಕಣಯ್ಯಾ!"

ದನದ ಸಂತೆ ಆಗಲೇ ಕಳೆಕಟ್ಟಿತ್ತು. ಗೂಟಗಳ ಸಾಲಿನಲ್ಲಿ ಹಸುಗಳು ಗೊರಸು ಬದಲಿಸುತ್ತ ನಿಂತಿದ್ದವು. ಕೊಳ್ಳುವವರು ದವಡೆ ಬಿಡಿಸಿ ಹಲ್ಲು ನೋಡುತ್ತಿದ್ದರು, ಮಾರುವವರು ಹಲ್ಲು ಬಿಟ್ಟು ಕೆಚ್ಚಲು ತೋರಿಸುತ್ತಿದ್ದರು. ಸಗಣಿ, ಒಣಹುಲ್ಲು, ಬೆವೆತ ಚರ್ಮ ಎಲ್ಲ ಸೇರಿದ ವಾಸನೆ ಬಂಡೆಯ ಎದೆಗೆ ಹಿತವಾಗಿ ಇಳಿಯಿತು. ಚಿಕ್ಕಂದಿನಲ್ಲಿ ಅವನೂ ತಮ್ಮನೂ ಇಂಥದೇ ಹುಲ್ಲಿನ ಮೆದೆಯಿಂದ ಹಾರಿ ಬೀಳುವುದನ್ನು ಕಲಿತದ್ದು. ಆ ನೆನಪಿಗೆ ಹಿತವೆಲ್ಲ ಕಹಿಯಾಯಿತು.

ಹಾಲಿನ ಡೇರಿಯ ಪಕ್ಕದಲ್ಲಿ ಒಂದು ವ್ಯಾನು ಹಿಂದುಮುಂದಾಗಿ ನಿಂತಿತ್ತು. ಬೋಳುತಲೆಯವನೊಬ್ಬ ಕರುವನ್ನು ಮಗುವಿನ ಹಾಗೆ ಎತ್ತಿ ಇಳಿಸುತ್ತಿದ್ದ. ಬಲಗೈ ಹೊಟ್ಟೆಗೆ, ಎಡಗೈ ಕತ್ತಿಗೆ.

"ಅವನೇ" ಅಂದ ಬಂಡೆ. ಬೆರಳನ್ನೂ ತೋರಿಸಿದ. ಒಪ್ಪಿಕೊಂಡ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ತನ್ನ ಕೆಲಸ ಎಂದು ಅಂಗಿಯ ತೋಳು ಮೇಲೇರಿಸಿದ.

ಗಿಡುಗ ತಲೆ ಎತ್ತಿದ, ಬಂಡೆಯನ್ನು ಕಂಡ, ಕರು ಬಿಟ್ಟು ಓಡಿದ. ಬಂಡೆ ನುಗ್ಗಿದ. ನಡುವೆ ಅಡ್ಡ ಬಂದದ್ದು ವ್ಯಾನಿನ ಡ್ರೈವರ್. ಅವನೋ ಗಾಳಿ ಬೀಸಿದರೆ ಹಾರಿಹೋಗುವಂಥವನು. ಕಣ್ಣು ಮುಚ್ಚಿಕೊಂಡು, ದೇವರೇ ಎಂದು ಎರಡೂ ಕೈಯಲ್ಲಿ ಬಂಡೆಯ ಎದೆಗೆ ತಳ್ಳಿದ.

ಬಂಡೆಯ ಮೈಗೆ ಗೊತ್ತಿದ್ದದ್ದು ಒಂದೇ. ಯಾರಾದರೂ ತಳ್ಳಿದರೆ ಬೀಳಬೇಕು. ಅವನ ಎರಡೂ ಕೈ ತಾವಾಗಿಯೇ ಗಾಳಿಗೆ ಎದ್ದವು, ಕಾಲು ಹಿಂದಕ್ಕೆ ತತ್ತರಿಸಿದವು, ಬಾಯಿಂದ "ಹಾ!" ಎಂಬ ಘೋರ ಕೂಗು ಹೊರಟಿತು. ಇಡೀ ಆಳು ಹುಲ್ಲಿನ ಗಾಡಿಯ ಮೇಲೆ ಬೆನ್ನಾಗಿ ಬಿದ್ದು ಗಾಡಿ ಮುರಿಯಿತು. ಸಂತೆಯವರು ಚಪ್ಪಾಳೆ ಹೊಡೆದರು. ಡ್ರೈವರ್ ಕಣ್ಣು ಬಿಟ್ಟು ತನ್ನ ಕೈಗಳನ್ನೇ ಬೆರಗಾಗಿ ನೋಡಿಕೊಂಡ. ಆಮೇಲೆ ಬುದ್ಧಿ ಬಂದವನಂತೆ ಜನರೊಳಗೆ ಮಾಯವಾದ.

"ಏನಯ್ಯಾ ಇದು!" ದಫೇದಾರ ತಲೆ ಚಚ್ಚಿಕೊಂಡ. "ನೀನು ಪೈಲ್ವಾನನೋ, ಹಳೇ ಗೋಡೆಯೋ? ಅವನು ಸೀನಿದ್ರೂ ಬೀಳ್ತಿದ್ದೆ!"

"ರೂಢಿ, ದಫೇದಾರ್ರೇ."

"ರೂಢಿಗೆ ಬೆಂಕಿ ಹಾಕ! ಏಳು, ಗಿಡುಗ ಡೇರಿಯೊಳಗೆ ಹೊಕ್ಕ!"

ಡೇರಿಯ ಕೋಣೆಗೆ ಒಂದೇ ಬಾಗಿಲು. ಒಳಗೆ ತೊಳೆದ ಸಿಮೆಂಟು ನೆಲ, ಗೋಡೆಯುದ್ದಕ್ಕೂ ಹಾಲಿನ ಕ್ಯಾನುಗಳು. ಮೊದಲು ನುಗ್ಗಿದ್ದು ದಫೇದಾರ. ಗಿಡುಗ ಒಂದು ಕ್ಯಾನನ್ನು ಕಾಲಿಂದ ಉರುಳಿಸಿದ. ಅದು ದಫೇದಾರನ ಮೊಣಕಾಲಿಗೆ ಬಡಿದು, ಮುಚ್ಚಳ ಕಳಚಿ, ಅವನನ್ನು ಹೊಸ್ತಿಲ ಮೇಲೆ ಕೂರಿಸಿ ಹಾಲೆರೆಯಿತು. ಅವನನ್ನು ದಾಟಿ ಬಂಡೆ ಒಳಗೆ ಹೋದ.

ಗಿಡುಗ ಗುದ್ದಿದ. ಬಂಡೆಯ ಮೈ ಮತ್ತೆ ಬೀಳಲು ಹವಣಿಸಿತು. ಅವನು ಹಲ್ಲು ಕಚ್ಚಿ ನಿಂತ. ಗಿಡುಗ ಮತ್ತೆ ಗುದ್ದಿದ. ಬಂಡೆ ಮತ್ತೆ ನಿಂತ. ಮೂಗಿನಿಂದ ರಕ್ತ ಇಳಿಯಿತು. ಬೀಳದೆ ನಿಂತು ತಿಂದ ಪೆಟ್ಟು ಹೇಗಿರುತ್ತದೆಂದು ಅವನಿಗೆ ತಿಳಿದದ್ದು ಅವತ್ತೇ. ಆಮೇಲೆ ಬಗ್ಗಿ, ಗಿಡುಗನನ್ನು ಬಾಚಿ, ಒಂದೇ ಉಸಿರಿಗೆ ತಲೆಯ ಮೇಲೆ ಎತ್ತಿದ. ಬಲಗೈ ಸೊಂಟಕ್ಕೆ, ಎಡಗೈ ಕತ್ತಿನ ಕೆಳಗೆ. ಕೆಳಗೆ ಬರಿ ಸಿಮೆಂಟು ನೆಲ.

"ಪೈಲ್ವಾನ್!" ಹೊಸ್ತಿಲಿಂದ ದಫೇದಾರ ಕಿರುಚಿದ. "ಬೇಡ! ಅವನ ಜೊತೆ ನೀನೂ ಒಳಗೆ ಹೋಗ್ತೀಯ!"

"ಹೋಗ್ತೀನಿ."

ಇದೇ ಗಳಿಗೆಯನ್ನು ಬಂಡೆ ತಮ್ಮನ ಮಂಚದ ಪಕ್ಕ ಮಲಗಿ ಎಷ್ಟು ಸಲ ಕಂಡಿದ್ದನೋ ಲೆಕ್ಕವಿಲ್ಲ. ಮಾಡಬೇಕಾದ್ದು ಇಷ್ಟೇ, ಎಡಗೈ ತೆಗೆಯಬೇಕು. ಮಿಕ್ಕದ್ದನ್ನು ನೆಲ ನೋಡಿಕೊಳ್ಳುತ್ತದೆ.

ಎಡಗೈ ತೆಗೆದ. ಗಿಡುಗನ ತಲೆ ಜೋತಿತು. ತಕ್ಷಣ ಆ ಕೈ, ಕರೆಯದೆ ಓಡಿಬಂದ ನಾಯಿಯ ಹಾಗೆ, ಕತ್ತಿನ ಕೆಳಗೆ ಮತ್ತೆ ಹೋಗಿ ಕೂತಿತು. ಬಂಡೆ ಬೈದುಕೊಂಡು ಮತ್ತೆ ತೆಗೆದ. ಮತ್ತೆ ಹೋಗಿ ಕೂತಿತು. ಅವನ ಕಣ್ಣು ತುಂಬಿತು, ಸಿಟ್ಟಿಗೆ.

"ಅವತ್ತು ನನ್ನ ಕೈ ಜಾರಿತ್ತು ಕಣೋ!" ಮೇಲಿಂದ ಗಿಡುಗ ಅರಚಿದ. "ಆಣೆ ಮಾಡ್ತೀನಿ, ಜಾರಿತ್ತು!"

"ಸುಳ್ಳು. ನಾನೀಗ ಜಾರಿಸೋಕೇ ನೋಡ್ತಿದ್ದೀನಿ, ಜಾರ್ತಾ ಇಲ್ಲ." ಬಂಡೆಯ ದನಿ ತಗ್ಗಿತು. "ಹೇಗೆ ಮಾಡಿದ್ಯೋ? ನನಗೆ ಬರ್ತಾ ಇಲ್ಲ. ಹೇಳಿಕೊಡು."

ಬೈಗುಳಕ್ಕೆ ಹೆದರದ ಗಿಡುಗ ಈ ಮಾತಿಗೆ ಹೆದರಿದ. ಶಾಲೆಯಲ್ಲಿ ಪಾಠ ಕೇಳಿದ ಹಾಗೆ ಕೇಳಿದ್ದ ಬಂಡೆ.

"ಹೇಳಿಕೊಡೋ. ನಿನ್ನ ಕೈಗೆ ಬಂದದ್ದು ನನ್ನ ಕೈಗೆ ಯಾಕೆ ಬರಲ್ಲ?" ಎಡಗೈ ಮತ್ತೆ ಹೊರಬಂತು. ಈ ಸಲ ಅದು ಸ್ವಲ್ಪ ತಡ ಮಾಡಿತು.

"ತೆಗೆದೆ! ತೆಗೆದೆ ಕಣೋ! ಬೇಕಂತಲೇ ತೆಗೆದೆ! ಅವನು ಸರಿಯಾಗೇ ಬಂದಿದ್ದ, ನಾನು ಸರಿಯಾಗೇ ಹಿಡಿದಿದ್ದೆ, ಆಮೇಲೆ ಎಡಗೈ ತೆಗೆದುಬಿಟ್ಟೆ! ಇಳಿಸೋ ಮಾರಾಯ!"

ಬಂಡೆ ಹೊಸ್ತಿಲ ಕಡೆ ಕತ್ತು ಹೊರಳಿಸಿದ.

"ಕೇಳಿಸ್ತಾ ದಫೇದಾರ್ರೇ?"

"ಕೇಳಿಸ್ತು." ದಫೇದಾರ ಹಾಲಿನಲ್ಲಿ ಕೂತೇ ಕೊರಳು ಚಾಚಿದ. "ಆದ್ರೂ ಇನ್ನೊಂದು ಸಲ ಹೇಳಿಸು. ನನಗೆ ಒಂದು ಕಿವಿ ಮಂದ."

ಗಿಡುಗ ಇನ್ನೊಂದು ಸಲ ಹೇಳಿದ. ಬಂಡೆ ಅವನನ್ನು ಒದ್ದೆ ನೆಲಕ್ಕೆ ಮಲಗಿಸಿದ. ಮೈ ಮೇಲೆ ಒಂದು ಗೀರೂ ಇರಲಿಲ್ಲ.

ಕೋಳ ಹಾಕಿ, ಕರುಗಳ ಜೊತೆ ಅವನನ್ನೂ ಸ್ಕೂಟರನ್ನೂ ವ್ಯಾನಿಗೆ ಹತ್ತಿಸಿದರು. ಬಂಡೆ ಓಡಿಸಿದ. ಠಾಣೆಯ ತಿರುವು ಬಂದಾಗ ಅವನು ತಿರುಗಿಸಲಿಲ್ಲ. ದಫೇದಾರ ನೋಡಿದ, ಕೆಮ್ಮಿದ.

"ಪ್ಯಾಂಟು ಹಾಲಾಗಿದೆ, ತೊಳೀಬೇಕು. ಹೀಗೆ ಠಾಣೆಗೆ ಹೋದ್ರೆ ಬೆಕ್ಕು ಹಿಂದೆ ಬರ್ತವೆ. ನಿನ್ನ ಮನೇಲಿ ನೀರಿದೆ ತಾನೇ?"

"ಇದೆ."

"ಹಾಗಾದ್ರೆ ಕಾಯಿದೇಲಿ ಅಡ್ಡಿ ಇಲ್ಲ."

ಮನೆಯ ಒಳಕೋಣೆಯಲ್ಲಿ ತಮ್ಮ ಮಂಚದ ಮೇಲೆ ಮಲಗಿದ್ದ. ಬಾಗಿಲಲ್ಲಿ ಗಿಡುಗನನ್ನು ಕಂಡು ಅವನ ಮುಖ ಬಿಳಚಿತು. ಅಮ್ಮ ಹಾಲಿನ ಲೋಟ ಹಿಡಿದವಳು ಹಾಗೇ ನಿಂತಳು.

"ಹೇಳು" ಅಂದ ಬಂಡೆ.

ಗಿಡುಗ ನೆಲ ನೋಡುತ್ತ ಹೇಳಿದ. ಸರಿಯಾಗಿ ಬಂದಿದ್ದ, ಸರಿಯಾಗಿ ಹಿಡಿದಿದ್ದೆ, ಎಡಗೈ ತೆಗೆದೆ.

ತಮ್ಮ ಕಣ್ಣೆತ್ತಿ ಸೂರು ನೋಡಿದ. ಅವನು ಇಷ್ಟು ಕಾಲ ಆ ಸೂರಿನ ಮೇಲೆ ಒಂದನ್ನೇ ನೋಡುತ್ತಿದ್ದ, ತನ್ನ ಹಾರಾಟವನ್ನು. ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ, ಅಣ್ಣನಿಗೂ.

"ಹಾಗಾದ್ರೆ ನಾನು ಸರಿಯಾಗೇ ಹಾರಿದ್ದೆ" ಅಂದ. ಮತ್ತೆ ಕಣ್ಣನ್ನು ಅಣ್ಣನ ಕಡೆ ಹೊರಳಿಸಿದ. "ಅಣ್ಣಾ, ನಿನ್ನ ಕೈಗೆ ಸಿಕ್ಕಿದ್ದನಾ?"

"ಸಿಕ್ಕಿದ್ದ. ಎತ್ತಿದ್ದೆ."

"ಮತ್ಯಾಕೆ ಬಿಟ್ಟೆ?"

ದಫೇದಾರ ಗೋಡೆಯ ಕಡೆ ತಿರುಗಿ ತನ್ನ ಟೋಪಿಯ ಅಂಚನ್ನು ಪರೀಕ್ಷಿಸತೊಡಗಿದ. ಬಂಡೆ ತನ್ನ ಎಡಗೈಯನ್ನೇ ನೋಡಿಕೊಂಡ. ಕೈ ಬರಲಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಆಗ ಅಮ್ಮ ಲೋಟ ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಬೀದಿ ಬಾಗಿಲಿಗೆ ಹೋಗಿ ಎರಡೂ ಕದ ತೆರೆದಳು. ಇಷ್ಟು ಕಾಲ ಎತ್ತದ ದನಿ ಎತ್ತಿದಳು.

"ಬನ್ರೀ! ಕೈ ಜಾರಿತು ಅಂದೋರೆಲ್ಲ ಬನ್ನಿ! ನನ್ನ ಮಗ ಅಂಕೆ ಮೀರಿ ಹಾರಿದ ಅಂದೋರೂ ಬನ್ನಿ! ಕೈಯ ಯಜಮಾನ ಮನೆಗೇ ಬಂದಿದ್ದಾನೆ, ಅವನ ಬಾಯಲ್ಲೇ ಕೇಳಿಸ್ಕೊಂಡು ಹೋಗಿ!"

ಮೊದಲು ಪಕ್ಕದ ಮನೆಯ ಅತ್ತೆ ಬಂದಳು, ಆಮೇಲೆ ಹಜಾಮ, ಆಮೇಲೆ ಜಗಲಿಯ ಮೇಲೆ ತೀರ್ಪು ಕೊಟ್ಟಿದ್ದ ಹಿರಿಯರು ಒಬ್ಬರ ಹಿಂದೆ ಒಬ್ಬರು. ಬಂದವರನ್ನೆಲ್ಲ ಅಮ್ಮ ಮಂಚದ ಹತ್ತಿರವೇ ಕರೆತಂದು ನಿಲ್ಲಿಸಿದಳು. ಪ್ರತಿಯೊಬ್ಬರಿಗೂ ಗಿಡುಗ ಮೊದಲಿಂದ ಹೇಳಬೇಕಾಯಿತು. ಎಲ್ಲಾದರೂ ಒಂದು ಮಾತು ನುಂಗಿದರೆ "ಸರಿಯಾಗಿ ಹಾರಿದ್ದ ಅನ್ನೋದು ಬಿಟ್ಟೆಯಲ್ಲಪ್ಪ" ಎಂದು ಅಮ್ಮ ತಿದ್ದುತ್ತಿದ್ದಳು. ಹೇಳಿ ಹೇಳಿ ಅವನ ಗಂಟಲು ಒಡೆಯಿತು. ನೀರು ಕೇಳಿದ. ಯಾರೂ ಕೊಡಲಿಲ್ಲ. ಕೇಳಿದವರು ತಮ್ಮನ ಮುಖ ನೋಡಲಾರದೆ ಬಾಗಿಲಲ್ಲೇ ಚಪ್ಪಲಿ ಹುಡುಕುತ್ತಿದ್ದರು. ತಮ್ಮ ಒಬ್ಬೊಬ್ಬರನ್ನೂ ಕಣ್ಣಲ್ಲೇ ಹಿಡಿದು ನಿಲ್ಲಿಸುತ್ತಿದ್ದ.

ದಫೇದಾರ ತೊಳೆದ ಪ್ಯಾಂಟು ಒಣಗುವವರೆಗೆ ಬಂಡೆಯ ಪಂಚೆ ಸುತ್ತಿಕೊಂಡು ಕೂತಿದ್ದ. ಅದು ಅವನನ್ನು ಮೂರು ಸುತ್ತು ಸುತ್ತಿ ಇನ್ನೂ ಮಿಕ್ಕಿತ್ತು. ಪ್ಯಾಂಟು ಒಣಗಿತು.

"ಅಮ್ಮಾ, ಹೊತ್ತಾಯ್ತು. ಇವನನ್ನ ಠಾಣೆಗೆ ಒಪ್ಪಿಸಬೇಕು" ಅಂದ.

"ಕೂತ್ಕೊಳಪ್ಪ" ಅಂದಳು ಅಮ್ಮ, ಬೀದಿಯ ಕಡೆಯಿಂದ ಕಣ್ಣು ಕೀಳದೆ. "ಆಚೆ ಬೀದಿಯೋರು ಇನ್ನೂ ಬಂದಿಲ್ಲ."