ಅಕ್ಕಂದಿರ ಪಾತ್ರೆ ಅಂಗಡಿಗೆ ಹೊಸ ನಂಬರು

ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಚಂದ್ರಕ್ಕ ಮತ್ತು ಬೊಮ್ಮಕ್ಕ ಹದಿಮೂರು ವರ್ಷ ಪಾಲುದಾರರಾಗಿ ಪಾತ್ರೆ ಅಂಗಡಿ ನಡೆಸಿದರು. ಬಂಧುಗಳೇನಲ್ಲ. ಮತ್ತೋಡಿನ ಸಂತೆಯಲ್ಲಿ ಅಕ್ಕಪಕ್ಕ ಗೋಣಿಚೀಲ ಹಾಸಿಕೊಂಡು ಸ್ಟೀಲ್ ಲೋಟ, ತಟ್ಟೆ ಮಾರುತ್ತಿದ್ದವರು. ಒಬ್ಬರ ಗಿರಾಕಿಯನ್ನು ಒಬ್ಬರು ಸೆಳೆದುಕೊಳ್ಳುವುದು ಸಾಕಾಗಿ, ತೊಂಬತ್ಮೂರರಲ್ಲಿ ಒಂದಾದರು. ಬೊಮ್ಮಕ್ಕನದು ದೊಡ್ಡ ಗಂಟಲು. ಚಂದ್ರಕ್ಕ ಏಳನೇ ಕ್ಲಾಸು ಓದಿದವಳು. ಬೋರ್ಡಿನಲ್ಲಿ ಯಾರ ಹೆಸರು ಮೊದಲು ಎಂದು ಜಗಳವಾಗಿ, ಕೊನೆಗೆ ‘ಅಕ್ಕಂದಿರ ಪಾತ್ರೆ ಅಂಗಡಿ’ ಎಂದು ಬರೆಸಿದರು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಬೊಮ್ಮಕ್ಕ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದಳು. ಸೊಂಟದ ನೋವು ದಸರಾ ಕಳೆದರೂ ಬಿಡಲಿಲ್ಲ.

“ಲೇ ಚಂದ್ರಿ, ಇನ್ನು ನನ್ ಕೈಲಿ ಆಗಲ್ಲ. ಬಾಗೂರಿಗೆ ತಮ್ಮನ ಮನಿಗೆ ಹೋಗ್ತೀನಿ. ಅಂಗಡಿ ನೀನೇ ನೋಡ್ಕ.”

“ಕುಂತ್ಕಂಡು ಯಾಪಾರ ಮಾಡು. ನಿಂತ್ಕ ಅಂದೋರ್ಯಾರು?”

“ಕುಂತ್ರೂ ನೋವು ಕಣೆ.”

ಚಂದ್ರಕ್ಕ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಬೊಮ್ಮಕ್ಕ ಗೋಡೆ ಹಿಡಿದು ಏಳಲಾರದೆ ಎದ್ದದ್ದನ್ನು ಕಂಡು, ಆಗಲಿ ಎಂದಳು.

ಪಾಲುದಾರಿಕೆ ಬಿಡಿಸಿಕೊಂಡ ಪತ್ರ ಹಿಡಿದು ಇಬ್ಬರೂ ಚಿತ್ರದುರ್ಗದ ತೆರಿಗೆ ಕಚೇರಿಗೆ ಹೋದರು. ಒಂದು ಹೆಸರು ಹೊಡೆದುಹಾಕಿದರೆ ಮುಗಿಯಿತು ಎಂದು ಚಂದ್ರಕ್ಕ ಎಣಿಸಿದ್ದಳು.

“ಪಾಲುದಾರಿಕೆ ಮುಗೀತು ಅಂದ್ರೆ ತೆರಿಗೆ ಕಟ್ಟೋ ಈ ಟಿನ್ ನಂಬರೂ ಮುಗೀತಮ್ಮ,” ಎಂದ ಗುಮಾಸ್ತ. “ಇದನ್ನ ರದ್ದು ಮಾಡ್ಸಿ, ಒಬ್ರೇ ಮಾಲೀಕರು ಅಂತ ಹೊಸದಕ್ಕೆ ಅರ್ಜಿ ಹಾಕ್ರಿ. ಫರ್ಮಿನ ಪಾನ್ ಕಾರ್ಡೂ ನಡೆಯಲ್ಲ. ನಿಮ್ಮ ಸ್ವಂತದ್ದು ಬೇಕು.”

“ಅಂಗಡಿ ಅದೇ ಐತಲ್ಲ ಸಾರ್. ಪಾತ್ರೆನೂ ಅವೇ ಅವೆ.”

“ಮಾಲೀಕರು ಬದಲಾದ್ರಲ್ಲಮ್ಮ.”

ಚಂದ್ರಕ್ಕ ಎದ್ದು ನಿಂತಳು. “ಹಂಗಾದ್ರೆ ಬ್ಯಾಡ ಬಿಡ್ರಿ. ಅಂಗಡಿನೇ ಮುಚ್ತೀನಿ.”

ಬೊಮ್ಮಕ್ಕ ಸೆರಗು ಹಿಡಿದು ಎಳೆದು ಕೂರಿಸಿದಳು. “ಸುಮ್ನೆ ಕುಂತ್ಕ. ಸಾರ್, ರದ್ದು ಮಾಡಕ್ಕೆ ಎಲ್ಲಿ ಸೈನ್ ಹಾಕ್ಬೇಕು ತೋರಿಸ್ರಿ.”

ಅಂಗಡಿ ತೆರೆದಾಗಿನ ಮೊದಲ ಅರ್ಜಿಗೆ ಬೊಮ್ಮಕ್ಕ ಹೆಬ್ಬೆಟ್ಟು ಒತ್ತಿದ್ದಳು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಚಂದ್ರಕ್ಕ ಹಳೆಯ ರಸೀದಿಗಳ ಬೆನ್ನ ಮೇಲೆ ಅವಳ ಕೈಹಿಡಿದು ಅಕ್ಷರ ತಿದ್ದಿಸಿದ್ದಳು. ಈಗ ಒಂದೊಂದೇ ಅಕ್ಷರ ಬರೆದು ಸೈನ್ ಮುಗಿಸುವವರೆಗೆ ಗುಮಾಸ್ತ ಕಾದ. ಚಂದ್ರಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಅಂಗಡಿ ಹೆಸರು ಬೇಕಾದ್ರೆ ಬದಲಾಯಿಸ್ಬೋದು. ‘ಅಕ್ಕಂದಿರ’ ಅಂತೈತಲ್ಲ?” ಎಂದ ಗುಮಾಸ್ತ.

“ಬ್ಯಾಡ. ಹಂಗೇ ಬರ್ಕಳ್ರಿ,” ಎಂದಳು ಚಂದ್ರಕ್ಕ.

ಅರ್ಜಿಗಳಿಗೆ ಫೋಟೋ ಬೇಕೆಂದು ಸ್ಟುಡಿಯೋಗೆ ಹೋದರು. ಹದಿಮೂರು ವರ್ಷದ ಹಿಂದೆ ಇದೇ ಊರಿನ ಸ್ಟುಡಿಯೋದಲ್ಲಿ ಇಬ್ಬರೂ ಜೊತೆಗೆ ಫೋಟೋ ತೆಗೆಸಿಕೊಂಡಾಗ ಚಂದ್ರಕ್ಕ ಹೆದರಿದ್ದಳು. ಫೋಟೋದಲ್ಲಿ ಕಾಣದಂತೆ ಬೊಮ್ಮಕ್ಕ ಕೆಳಗೆ ಅವಳ ಕೈ ಹಿಡಿದುಕೊಂಡಿದ್ದಳು. ಈ ಸಲ ಸೊಂಟ ಬಗ್ಗದ ಬೊಮ್ಮಕ್ಕ ಬಾಗಿಲ ಬಳಿಯ ಬೆಂಚಿನ ಮೇಲಿಂದಲೇ ಕೂಗಿದಳು: “ನಗೇ! ದೆವ್ವ ಕಂಡಂಗೆ ನೋಡ್ಬ್ಯಾಡ!”

ಆ ವಾರವೇ ಬೊಮ್ಮಕ್ಕ ಬಾಗೂರಿಗೆ ಹೊರಟಳು. ಪಾನ್ ಕಾರ್ಡು, ಆಮೇಲೆ ಹೊಸ ಟಿನ್ ನಂಬರು ಬರುವಷ್ಟರಲ್ಲಿ ಎರಡು ತಿಂಗಳಾಯಿತು. ಬಂದ ಮೇಲೂ ಬಿಲ್ಲಿನಲ್ಲಿ ಚಂದ್ರಕ್ಕನ ಕೈ ಹಳೆಯ ನಂಬರನ್ನೇ ಬರೆಯುತ್ತಿತ್ತು. ಮೂರು ಬಿಲ್ಲು ಹರಿದುಹಾಕಿದ ದಿನ ಅಂಗಡಿಗೆ ಬೀಗ ಹಾಕಿ, ನೋಂದಣಿ ಪತ್ರ ಚೀಲದಲ್ಲಿಟ್ಟುಕೊಂಡು ಬಾಗೂರಿಗೆಂದು ಹೊಸದುರ್ಗದ ಬಸ್ಸು ಹತ್ತಿದಳು.

ಬಾಗೂರಿನಲ್ಲಿ ಬೊಮ್ಮಕ್ಕ ಜಗಲಿಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಪತ್ರ ನೋಡಿ, “ಓದು,” ಎಂದಳು. ಚಂದ್ರಕ್ಕ ಹನ್ನೊಂದು ಅಂಕಿಗಳನ್ನೂ ಓದಿದಳು.

“ಬಾಯಿಗೇ ಬರ್ತಿಲ್ಲ ಕಣೆ.”

“ಬರ್ತತೆ. ಹಳೇದೂ ಮೊದ್ಲು ಹಂಗೇ ಇತ್ತು. ಇನ್ನೊಂದ್ಸಲ ಓದು.”

ಚಂದ್ರಕ್ಕ ಮತ್ತೆ ಓದಿದಳು. ಬೊಮ್ಮಕ್ಕ ಅಂಕಿಯಿಂದ ಅಂಕಿಗೆ ಜೊತೆಯಲ್ಲೇ ಹೇಳುತ್ತ ಬಂದಳು. ಆಮೇಲೆ ಯಾವ ಗಿರಾಕಿಗೆ ಮದುವೆಯಾಯಿತು, ಯಾರು ಕೊಳಗ ಕೊಂಡರು ಎಂದೆಲ್ಲ ವಿಚಾರಿಸಿದಳು. ಮಾತಿನಲ್ಲಿ ಮೂರು ಗಂಟೆಯ ಬಸ್ಸು ತಪ್ಪಿತು. ಮುಂದಿನದು ಐದಕ್ಕೆ. ಚಂದ್ರಕ್ಕ ಸೆರಗು ಸಿಕ್ಕಿಸಿಕೊಂಡು, ಅವರೆಕಾಯಿಯ ಮೊರವನ್ನು ತನ್ನ ಕಡೆಗೂ ಎಳೆದುಕೊಂಡಳು.