ಕ್ಷೌರದ ಕುರ್ಚಿಯಲ್ಲಿ ಕುಳಿತವರು

ನಾನೊಂದು ಕುರ್ಚಿ. ಕುರ್ಚಿಗಳಲ್ಲೂ ಕ್ಷೌರದ ಕುರ್ಚಿ. ಬೆಟಗೇರಿಯ ಬಡಿಗ ಮೌನೇಶಪ್ಪ ನನ್ನನ್ನು ಸಾಗುವಾನಿಯಲ್ಲಿ ಮಾಡಿ, ತಲೆಗೊಂದು ಒರಗು, ಕೈಗೆರಡು ಅಗಲವಾದ ಹಿಡಿಕೆ ಕೂಡಿಸಿ, "ನಿನ್ನ ಮ್ಯಾಲ ಕುಂತಾವ ಅಲುಗಾಡಬಾರದು. ಅಲುಗಾಡಿದರ ಕಿವಿ ಹೋಗತೈತಿ" ಎಂದು ಬೆನ್ನಿಗೊಂದು ಏಟು ಕೊಟ್ಟು ಕಳಿಸಿದ.

ಗದಗಿನ ಸ್ಟೇಶನ್ ರಸ್ತೆಯ ಮುದಕಪ್ಪನ ಅಂಗಡಿಯಲ್ಲಿ ನನ್ನ ಒಳ್ಳೆಯ ದಿನಗಳು ಕಳೆದವು. ಜನ ಮುಖ ಗಂಟುಹಾಕಿಕೊಂಡು ಬರುತ್ತಿದ್ದರು. ಮುದಕಪ್ಪ ಕತ್ತರಿ ಆಡಿಸಿ ಮುಗಿಸಿದ ಮೇಲೆ ಕನ್ನಡಿಯಲ್ಲಿ ಕೆನ್ನೆ ಸವರಿಕೊಂಡು, ಹಗುರಾಗಿ ಎದ್ದು ಹೋಗುತ್ತಿದ್ದರು. ಮುಂದೆ ಗಿರ್ರನೆ ತಿರುಗುವ ಕಬ್ಬಿಣದ ಕುರ್ಚಿಗಳು ಬಂದವು. ನನ್ನನ್ನು ಗುರುಸಿದ್ಧಪ್ಪ ಮೆಣಸಗಿ ಎಂಬ ಹಳೆಯ ಗಿರಾಕಿ ಕೊಂಡ. ನಾಟಕ ಕಂಪನಿಗಳಿಗೆ ನಾಟಕ ಬರೆದುಕೊಟ್ಟು ಬದುಕುವ ಮನುಷ್ಯ. ಹೆಸರಿನಂತೆಯೇ ನಾಲಿಗೆ ಖಾರ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಲೇಖಕರೆಂದರೆ ಆಗುವುದಿಲ್ಲ.

ಮೆಣಸಗಿ ನನ್ನನ್ನು ಒಂದು ಮುದ್ರಣಾಲಯದ ಮಾಳಿಗೆ ಮೇಲಿನ ಕೋಣೆಗೆ ಹೊರಿಸಿದ. ಅಲ್ಲಿ ಗುರುವಾರ ಸಂಜೆ 'ವೃತ್ತಿ ಲೇಖಕರ ಬಳಗ' ಸೇರುತ್ತಿತ್ತು. ಬಾಗಿಲಿಗೊಂದು ಬೋರ್ಡು: 'ಬಳಗಕ್ಕೆ ಸೇರಿರಿ. ಪ್ರೋತ್ಸಾಹ, ಮಾರ್ಗದರ್ಶನ, ಸ್ನೇಹ ಪಡೆಯಿರಿ.' ಇಷ್ಟು ವರ್ಷ ಒಳಗೆ ಕೂತವನು ನಾನು. ಪ್ರೋತ್ಸಾಹ ಯಾವ ಬಾಗಿಲಿನಿಂದ ಬಂದು ಯಾವ ಕಿಟಕಿಯಿಂದ ಹೋಯಿತೋ ಕಾಣಲಿಲ್ಲ. ಕಂಡದ್ದು ಚಹಾ, ಅಡಿಕೆ, ಬೈಗುಳ.

ಅವರದೊಂದು ಪದ್ಧತಿ ಇತ್ತು. ಬರೆದವರು ನನ್ನ ಮೇಲೆ ಕೂರಬೇಕು. ಅವರ ಬರಹವನ್ನು ಬೇರೊಬ್ಬರು ಓದಬೇಕು. ಓದಿದ ಮೇಲೆ ಎಲ್ಲರೂ ತೋಚಿದ್ದು ಹೇಳಬೇಕು. ಅಲ್ಲಿಯವರೆಗೆ ಕೂತವರು ಪಿಟ್ಟೆನ್ನಬಾರದು. ಕೊನೆಗೊಂದೇ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಬರೆದವರು ಉತ್ತರ ಕೊಡಬೇಕು. ಮೆಟ್ಟಿಲು ಹತ್ತುವಾಗಲೇ "ಇವತ್ತು ಯಾರ ಕ್ಷೌರ?" ಎನ್ನುತ್ತ ಬರುತ್ತಿದ್ದರು. ಮುದಕಪ್ಪನಲ್ಲಿ ಕೂದಲು ಹೋಗುತ್ತಿತ್ತು, ಇಲ್ಲಿ ಮಾನ.

ಒಂದು ಗುರುವಾರ ನೀಲಾಂಬಿಕೆ ಬಂದಳು. ಆಕೆಯ ತಾಯಿ ಜನ್ಮವೆಲ್ಲ ನಾಟಕ ಕಂಪನಿಗೆ ಹಾಡು ಕಟ್ಟಿಕೊಟ್ಟವಳು. ಊರೂರಲ್ಲಿ ಜನ ಆ ಹಾಡುಗಳನ್ನು ಗುನುಗಿದರು, ಆದರೆ ಥೇಟರಿನ ಬೋರ್ಡಿನ ಮೇಲೆ ಒಂದು ಸಲವೂ ಅವಳ ಹೆಸರು ಬರಲಿಲ್ಲ. ಮಗಳಿಗೆ ಬೇಕಾದದ್ದು ಅದೊಂದೇ. ನಾಟಕ ಬರೆಯಬೇಕು, ಬೋರ್ಡಿನ ಮೇಲೆ 'ರಚನೆ: ನೀಲಾಂಬಿಕೆ' ಎಂದು ದಪ್ಪಕ್ಷರದಲ್ಲಿ ಇರಬೇಕು.

ರೇಡಿಯೋಕ್ಕೂ ಕಂಪನಿಗಳಿಗೂ ನಾಟಕ ಬರೆಯುವ, ಪಾತ್ರವನ್ನೂ ಮಾಡುವ ರೆಹಮತ್‌ಬಿ ಓದಿದಳು. ಅತ್ತೆ, ಸೊಸೆ, ನಡುವೆ ಒಂದು ಚರಿಗೆ ನೀರು. ಸೊಸೆ ನೀರಲ್ಲಿ ವಿಷ ಹಾಕುತ್ತಾಳೆ, ಅತ್ತೆ ಕುಡಿದು ಸಾಯುತ್ತಾಳೆ. ಸಾಯುವ ಮುಂಚೆ ಉದ್ದನೆಯ ಮಾತು.

"ತಂಗೀ, ನಿಮ್ಮತ್ತಿ ವಿಷಕ್ಕ ಸತ್ತಳೋ, ತನ್ನ ಭಾಷಣಕ್ಕ ಸತ್ತಳೋ?" ಎಂದ ಮೆಣಸಗಿ.

"ನೀಲವ್ವಾ, ಇಂಥಾ ವಿಷ ನಾನು ಹತ್ತು ನಾಟಕದಾಗ ಕುಡದೀನಿ. ಒಂದರಾಗೂ ಸತ್ತಿಲ್ಲ" ಎಂದಳು ರೆಹಮತ್‌ಬಿ.

ನೀಲಾಂಬಿಕೆಯ ಉಗುರು ನನ್ನ ಹಿಡಿಕೆಗೆ ನಾಟಿತು. ಆ ಗೆರೆಗಳು ಈಗಲೂ ಇವೆ. ಆಕೆ ಅಳಲಿಲ್ಲ. ಕೊನೆಗೆ ಎದ್ದು, "ನಿಮ್ಮ ಬಳಗಕ್ಕೊಂದು ನಮಸ್ಕಾರ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳು ಮತ್ತೆ ಬರಬಾರದೆಂದು ನಾನು ಹಾರೈಸಿದೆ.

ಬಂದಳು. ಸಿಟ್ಟಿಗೇ ಬಂದಳು. ಇಡೀ ನಾಟಕ ತಿದ್ದಿ ಅವರ ಮುಖದ ಮೇಲೆ ಎಸೆಯಲು ಬಂದಳು. ಅವರು ಮತ್ತೆ ಹರಿದರು, ಅವಳು ಮತ್ತೆ ಬರೆದಳು. ಆ ಚರಿಗೆಯ ಸಲುವಾಗಿ ಅವರವರಲ್ಲೇ ಜಗಳಗಳಾದವು, ಒಮ್ಮೆ ಚಹಾದ ಬಸಿಯೂ ಒಡೆಯಿತು. ಕೊನೆಯ ಸಲ ಓದಿದಾಗ ನಾಟಕದಲ್ಲಿ ವಿಷವೇ ಇರಲಿಲ್ಲ. ಸೊಸೆ ಶುದ್ಧ ನೀರು ಕೊಡುತ್ತಾಳೆ. ಅತ್ತೆ ಚರಿಗೆ ಹಿಡಿದುಕೊಂಡು ಕೂರುತ್ತಾಳೆ, ಕುಡಿಯುವುದಿಲ್ಲ, ಪರದೆ ಬೀಳುತ್ತದೆ. ಯಾರೂ ಭೇಷ್ ಎನ್ನಲಿಲ್ಲ. ಮೆಣಸಗಿ ಅಡಿಕೆ ಉಗುಳಿ ಬಂದು, "ಹೂಂ. ಮುಂದಿನ ವಾರ ಯಾರದೈತಿ?" ಎಂದ.

ಭೇಷ್ ಎಂದವನು ಬೇರೆ. ವಿಶ್ವಾಸ ದೇಸಾಯಿ ಎಂಬ ಕಂಪನಿ ಮಾಲೀಕ ಎರಡು ಪುಟ ತಿರುವಿ ಹಾಕಿ, "ಅಕ್ಕಾರ, ಏನ್ ಬರದೀರಿ! ಕಣ್ಣಾಗ ನೀರು ಬಂತು. ಪ್ರತಿ ನನ್ನ ಕಡೆ ಇರಲಿ" ಎಂದನಂತೆ. ತಿಂಗಳುಗಟ್ಟಲೆ ಬೈಗುಳ ತಿಂದ ಜೀವಕ್ಕೆ ಆ ಸಿಹಿ ಸಾಕಾಯಿತು. ಕೈಬರಹದ ಒಂದೇ ಪ್ರತಿ, ಅದನ್ನೇ ಕೊಟ್ಟುಬಿಟ್ಟಳು. ದೇಸಾಯಿ ಅದನ್ನು ಆಡಿಸಿದ, ಜಾತ್ರೆಯಿಲ್ಲದ ದಿನದಲ್ಲೂ ಟೆಂಟು ತುಂಬಿ ತುಳುಕಿತು. ಬೋರ್ಡಿನ ಮೇಲೆ ಮಾತ್ರ 'ರಚನೆ, ನಿರ್ದೇಶನ: ವಿಶ್ವಾಸ ದೇಸಾಯಿ' ಎಂದಿತ್ತು. ಕೇಳಲು ಹೋದರೆ, "ಅಕ್ಕಾರ, ಇದನ್ನ ನೀವ ಬರದೀರಿ ಅನ್ನಾಕ ಸಾಕ್ಷಿ ಯಾರು?" ಎಂದ.

ಅವಳು ಗುರುವಾರ ಬಂದು ನನ್ನ ಮೇಲೆ ಕುಸಿದು ಕೂತಳು. ಓದಲು ಏನೂ ಇರಲಿಲ್ಲ. ನಡೆದದ್ದನ್ನು ಹೇಳಿ, "ನಮ್ಮವ್ವನ ಹಣೇಬರಾನ ನಂದೂ, ಮೆಣಸಗಿ ಕಾಕಾ" ಎಂದಳು. ಈ ದುಷ್ಟರು ಈಗಾದರೂ ಸಮಾಧಾನ ಹೇಳುತ್ತಾರೆಂದು ಕಾದೆ.

"ಇದ್ದೊಂದ ಪ್ರತಿ ಕೊಟ್ಟ ಬಂದೀಯಲ್ಲ, ನಿನಗ ಬುದ್ಧಿ ಐತೇನು?" ಎಂದು ಮೆಣಸಗಿ ಗುಡುಗಿದ. "ಬೈದು ಹೇಳುವವರು ಬದುಕಲಿಕ್ಕೆ ಹೇಳತಾರ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳತಾರ. ನಿಮ್ಮವ್ವ ಇಷ್ಟೂ ಕಲಿಸಲಿಲ್ಲೇನು?"

ಮುಂದಿನ ಗುರುವಾರ ವಿಶ್ವಾಸ ದೇಸಾಯಿಗೆ ಬಳಗದಿಂದ ಸನ್ಮಾನದ ಕರೆ ಹೋಯಿತು. ಇಸ್ತ್ರಿ ಅಂಗಿ ತೊಟ್ಟು, ಅತ್ತರು ಪೂಸಿಕೊಂಡು ಬಂದ. ಶಾಲು ಎಲ್ಲಿ ಎಂದು ಕಣ್ಣಾಡಿಸುತ್ತ ನನ್ನ ಮೇಲೆ ಕೂತ.

ಶಾಲು ಬರಲಿಲ್ಲ. ರೆಹಮತ್‌ಬಿ ಮೊದಲ ಅಂಕದ ಮಾತುಗಳನ್ನು ಬಾಯಿಪಾಠವಾಗಿ ಹೇಳತೊಡಗಿದಳು. ಅವಳು ನಿಲ್ಲಿಸಿದಲ್ಲಿಂದ ಮೆಣಸಗಿ ಎತ್ತಿಕೊಂಡ, ಅವನಿಂದ ಮತ್ತೊಬ್ಬರು. ತಾವು ಬೈದು ತೆಗೆಸಿದ ಮಾತುಗಳನ್ನೂ ಅವರು ಮರೆತಿರಲಿಲ್ಲ. ನನ್ನ ಸೀಟು ಬೆವರಿಗೆ ಒದ್ದೆಯಾಯಿತು.

"ಈಗ ಪದ್ಧತಿ ಪ್ರಕಾರ ಒಂದ ಪ್ರಶ್ನೆ" ಎಂದ ಮೆಣಸಗಿ. "ಕಡೀಕ ಅತ್ತಿ ನೀರು ಯಾಕ ಕುಡಿಯೂದಿಲ್ಲ?"

ದೇಸಾಯಿ ಗಂಟಲು ಸರಿಮಾಡಿಕೊಂಡ. "ಅಕಿಗೆ... ನೀರಡಿಕಿ ಇರೂದಿಲ್ರೀ."

ಮೂಲೆಯಲ್ಲಿ ನಿಂತಿದ್ದ ನೀಲಾಂಬಿಕೆ ಹೇಳಿದಳು: "ಮೊದಲು ವಿಷ ಇತ್ತು. ಈಗ ಇಲ್ಲ. ಆದರ ಇರಬಹುದು ಅಂತ ಅತ್ತಿಗೆ ಅನಸತೈತಿ. ಜೀವನಪೂರ್ತಿ ಸೊಸೀನ ನಂಬದಾಕಿ ಕಡೀಕ ನೀರಡಿಸಿ ಕುಂದರತಾಳ. ಅದಕ್ಕ."

"ದೇಸಾಯರ," ಎಂದಳು ರೆಹಮತ್‌ಬಿ ಅಡಿಕೆ ಕತ್ತರಿಸುತ್ತ, "ಈ ಸುತ್ತಿನ ಕಂಪನಿಗಳಿಗೆ ನಾಟಕ ಬರಿಯೋರು ನಾವ ಇಷ್ಟು ಮಂದಿ. ನಾಳೆ ಬೋರ್ಡ ಬದಲಾಗಲಿಲ್ಲಂದ್ರ, ಮುಂದಿನ ನಾಟಕ ನೀವ ಬರಕೋರಿ."

ಮರುದಿನ ಬೋರ್ಡು ಬದಲಾಯಿತು. ನೀಲಾಂಬಿಕೆ ಅದರ ಮುಂದೆ ನಿಂತು ತಾಯಿಯ ಹಾಡೊಂದನ್ನು ಇಡೀ ಹಾಡಿದಳಂತೆ. ಮುಂದಿನ ಗುರುವಾರವೇ ಅವಳು ಹೊಸ ನಾಟಕ ತಂದಳು. ಅಭಿನಂದನೆ ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಎಂದಿನಂತೆ ಹರಿದು ಹಂಚಿದರು. ಕೃತಘ್ನರು! ಆದರೆ ಈ ಸಲ ಅವಳ ಉಗುರು ನನಗೆ ನಾಟಲಿಲ್ಲ.

ಈಗ ಮುದ್ರಣಾಲಯವಿಲ್ಲ, ಮಾಳಿಗೆಯಿಲ್ಲ. ಮೆಣಸಗಿ ತೀರಿಕೊಂಡ, ಅವನ ಹಿಂದೆ ರೆಹಮತ್‌ಬಿಯೂ ಹೋದಳು. ನಾನು ನೀಲಾಂಬಿಕೆಯ ಮನೆಯ ಪಡಸಾಲೆಯ ಮೂಲೆಯಲ್ಲಿದ್ದೇನೆ. ಒರಗು ಮುರಿದಿದೆ, ಒಂದು ಕಾಲು ಸಡಿಲ. ಮನೆಗೆ ಬಂದವರೆಲ್ಲ ಅವಳ ಬರಹವನ್ನು ಹೊಗಳುತ್ತಾರೆ. ಅವಳು ಚಹಾ ಕೊಟ್ಟು ಕಳಿಸುತ್ತಾಳೆ.

ಗುರುವಾರ ಸಂಜೆ ಮಾತ್ರ ನನ್ನ ಮೇಲೆ ಕೂತು, ಬರೆದದ್ದನ್ನು ತಾನೇ ಗಟ್ಟಿಯಾಗಿ ಓದುತ್ತಾಳೆ. ಓದಿ ಮುಗಿಸಿ ಸುಮ್ಮನೆ ಕೂರುತ್ತಾಳೆ, ಪದ್ಧತಿಯಂತೆ, ತುಟಿ ಪಿಟ್ಟೆನ್ನದೆ. ಎದುರಿಗೆ ಖಾಲಿ ಗೋಡೆ. ಮೊನ್ನೆ ಎಷ್ಟೋ ಹೊತ್ತು ಕಾದು, "ಯಾರರೆ ಬೈಯ್ರೆಪಾ ನನ್ನ" ಎಂದಳು.

ಲೇಖಕರೆಂದರೆ ನನಗೆ ಇವತ್ತಿಗೂ ಆಗುವುದಿಲ್ಲ. ಆದರೂ ಅವಳು ಮತ್ತೆ ಮೊದಲಿನಿಂದ ಓದಿದಾಗ, ಹೊಸ ನಾಟಕದ ಸಾಯುವ ಮುದುಕನ ಉದ್ದನೆಯ ಮಾತು ಬಂದಲ್ಲಿ ನನ್ನ ಸಡಿಲ ಕಾಲು ಕಿರ್ರೆಂದಿತು. ಅವಳು ನಿಲ್ಲಿಸಿದಳು. ಕೆಳಗೆ ಬಗ್ಗಿ ನನ್ನನ್ನೊಮ್ಮೆ ನೋಡಿದಳು.

"ಖರೇ ಐತಿ ಕಾಕಾ" ಎಂದು ಆ ಮಾತನ್ನೆಲ್ಲ ಹೊಡೆದುಹಾಕಿದಳು.