ನಮ್ಮ ಆಯಿಗೆ ಹೂಂ ಅಂದವಳು

ಕಾಲೇಜಿನ ಅರ್ಜಿಯ ಜೊತೆ ಎರಡು ಪುಟ ಬರೆದು ಕಳಿಸಬೇಕಿತ್ತು. ನಿಮ್ಮನ್ನು ರೂಪಿಸಿದ್ದು ಯಾವುದು, ನಿಮ್ಮ ಮಾತಿನಲ್ಲೇ ಹೇಳಿ, ಕನ್ನಡವಾದರೂ ಆದೀತು ಎಂದಿದ್ದರು. ಓದಿದ ಕೂಡಲೇ ನನಗೆ ನಗು ಬಂತು. ನಮ್ಮ ಅಜ್ಜಿ, ಆಯಿ ಫಕ್ಕೀರವ್ವ ಇರುವಾಗ ಬೇರೇನು ಬರೆಯಲಿ? ಅವಳ ಕಥೆಗಳಲ್ಲೇ ಬೆಳೆದವಳು ನಾನು. ನಮ್ಮೂರು ಶಿರಹಟ್ಟಿಯ ಮೇಲೆ ಮೋಡ ಕವಿದರೆ ಯಾವನೋ ರಾಕ್ಷಸ ಕಂಬಳಿ ಒಣಹಾಕಿದ್ದಾನೆಂದೇ ಇವತ್ತಿಗೂ ಅನಿಸುತ್ತದೆ. ಆ ಕಾಲೇಜು ಸೇರಬೇಕು, ಕಥೆ ಬರೆಯುವುದನ್ನು ಕಲಿಯಬೇಕು, ಅಷ್ಟೇ ನನ್ನ ಆಸೆ. ಸಂಜೆಯೊಳಗೆ ಬರೆದು ಮುಗಿಸಿದೆ.

ಮರುದಿನ ನಿಶಾತ ಬಂದಳು. ಹಿಂದಿನ ಓಣಿಯ ಟೇಲರ್ ಇಸ್ಮಾಯಿಲಸಾಬರ ಮಗಳು, ಚಿಕ್ಕಂದಿನಿಂದ ನನ್ನ ಗೆಳತಿ. ಅವಳೂ ಅದೇ ಕಾಲೇಜಿಗೆ ಅರ್ಜಿ ಹಾಕುತ್ತಿದ್ದಳು.

"ನಂದೊಂಚೂರು ನೋಡಲೇ ಭಾಗ್ಯಾ," ಎಂದು ಫೋನು ಚಾಚಿದಳು.

'ನಮ್ಮ ಮನೆಯಲ್ಲಿ ಅಜ್ಜಿ ಇರಲಿಲ್ಲ. ಗೆಳತಿಯ ಆಯಿ ಕಥೆ ಹೇಳುವಾಗ ಹೂಂ ಅನ್ನುವ ಕೆಲಸ ನನ್ನದು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಅದಕ್ಕೇ ನಾನು ಎಂದೂ ತೂಕಡಿಸಲಿಲ್ಲ.'

ಮತ್ತೊಮ್ಮೆ ಓದಿದೆ. ಎಷ್ಟು ಸಲೀಸಾಗಿ ಬರೆದಿದ್ದಾಳೆ! ನನ್ನ ಪುಟಗಳಲ್ಲಿ ಬೆಳದಿಂಗಳಿತ್ತು, ಮಲ್ಲಿಗೆಯಿತ್ತು, ಹಾರುವ ಕುದುರೆಯಿತ್ತು. ಆಯಿಯೇ ಇರಲಿಲ್ಲ.

"ನಮ್ಮ ಆಯಿನ್ನ ಯಾಕ ಬರದಿ? ನಿಮ್ಮಪ್ಪನ ಮಷೀನ್ ಐತಲ್ಲ, ಅದನ್ನ ಬರಿ."

"ಯಾಕಲೇ, ಹೊಟ್ಟಿಕಿಚ್ಚೇನು?"

"ಹೌದು, ಹೊಟ್ಟಿಕಿಚ್ಚ. ಅಕಿ ನಮ್ಮಾಕಿ. ತಗದುಬಿಡು."

ನಿಶಾತ ಸಿಟ್ಟಾಗಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು.

"ಆತು, ತಗೀತೀನಿ. ಆಯಿ ಕಥ್ಯಾಗ ಬಾವ್ಯಾಗ ಇಳದ ರಾಣಿ ಕಡೀಕ ಏನಾದ್ಲು? ಅದೊಂದು ಹೇಳು ಸಾಕು."

ಬಾವಿಯ ತಳದ ಊರು ನನಗೆ ನಮ್ಮ ಓಣಿಯಷ್ಟೇ ಗೊತ್ತು. ಅಲ್ಲಿನ ಹಸಿರು ಬೆಳಕು, ಮನೆಯ ಮಾಡುಗಳಲ್ಲಿ ಗೂಡು ಕಟ್ಟಿದ ಮೀನುಗಳು. ಆದರೆ ರಾಣಿ ಕಾಲಿಟ್ಟ ಕೂಡಲೇ ನಾನೂ ಅವಳ ಹಿಂದೆ ಹೊರಟುಬಿಡುತ್ತಿದ್ದೆ. ಆಯಿಯ ದನಿ ಎಲ್ಲೋ ಮೇಲೆ, ದಂಡೆಯಲ್ಲೇ ಉಳಿಯುತ್ತಿತ್ತು.

"ಮ್ಯಾಲ ಬಂದ್ಲು," ಎಂದೆ.

"ಹೆಂಗ ಬಂದ್ಲು?"

ಎದ್ದು ಹೊರಗೆ ಓಡಿದೆ. ಆಯಿ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಆಯಿ, ಬಾವಿ ರಾಣಿ ಹೆಂಗ ಮ್ಯಾಲ ಬಂದ್ಲು? ಜಲ್ದಿ ಹೇಳು."

"ನನಗೆಲ್ಲಿ ನೆನಪೈತಿ ಯವ್ವಾ! ಈಗೀಗ ಕಥಿ ನಡುವನ ಹಾರಿ ಹೋಗತಾವು. ನಿಶಾತನ್ನ ಕೇಳು. ಮೊನ್ನೆ ಅಕೀನ ನನಗ ಪೂರಾ ಹೇಳಿದ್ಲು, ನಾ ಹೂಂ ಅಂದೆ."

"ನಾ ಎಲ್ಲಿದ್ದೆ?"

"ಇಲ್ಲೇ ಇದ್ದೆಲ್ಲ, ಆಕಾಶ ನೋಡ್ಕೋತ!" ಆಯಿ ನಕ್ಕಳು, ಬಾಯಿಗೆ ಸೆರಗು ಹಿಡಿದು ಸೀನಿದಳು.

ಕಥೆಗಳು ಎಂದೋ ಮನೆ ಬದಲಿಸಿದ್ದವು, ನನಗೆ ಖಬರೇ ಇರಲಿಲ್ಲ. ಇನ್ನು ಆಯಿಯನ್ನು ಯಾರಿಂದ ಕಸಿದುಕೊಳ್ಳಲಿ?

ಒಳಗೆ ಬಂದಾಗ ನಿಶಾತ ಫೋನಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. "ಹೇಳಲೇ, ತಗೀಲೇನು?"

ತೆಗೆ ಎಂದರೆ ತೆಗೆದೇಬಿಡುವವಳು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಬ್ಯಾಡ," ಎಂದೆ. "ಆದ್ರ ಗೆಳತಿ ಅಂತ ಬರದೀಯಲ್ಲ, ಅಲ್ಲಿ ನನ್ನ ಹೆಸರು ಹಾಕು. ಭಾಗ್ಯಾನ ಆಯಿ ಅಂತ ಅವರಿಗೂ ಗೊತ್ತಾಗಲಿ."

"ಅಯ್ಯ, ನಿನ್ನ! ಹಾಕ್ತೀನಿ ತಗೋ."

"ಈಗ ಕುಂಡ್ರು. ರಾಣಿ ಹೆಂಗ ಬಂದ್ಲು, ಹೇಳು."

ನಿಶಾತ ಕಾಲು ಮಡಚಿ ಕೂತು ಶುರು ಮಾಡಿದಳು. ಅದೇ ರಾಗ, ಅವಸರದ ಜಾಗದಲ್ಲಿ ಬೇಕೆಂದೇ ನಿಧಾನ ಮಾಡುವ ಆಯಿಯ ಅದೇ ಜಾಣತನ. ಕೇಳಲಾರೆ ಅನಿಸಿತು, ಎದ್ದು ಹೋಗಲೂ ಆಗಲಿಲ್ಲ. ಈ ಸಲ ರಾಣಿಯ ಹಿಂದೆ ಹೋಗದೆ ದಂಡೆಯ ಮೇಲೇ ಗಟ್ಟಿಯಾಗಿ ಕೂತು ಕೊನೆತನಕ ಕೇಳಿದೆ.

ಅವಳು ಹೋದ ಮೇಲೆ ಬೆಳದಿಂಗಳ ಪುಟಗಳನ್ನು ಹರಿದು ಹಾಕಿ ಮೊದಲಿಂದ ಬರೆದೆ: 'ನಮ್ಮ ಆಯಿಯ ಕಥೆಗಳಲ್ಲಿ ಒಂದೇ ಒಂದರ ಕೊನೆ ನನಗೆ ಗೊತ್ತು. ಉಳಿದ ಕಥೆಗಳ ಕೊನೆಯೆಲ್ಲ ನಿಶಾತಳಿಗೆ ಗೊತ್ತು. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.'